ವಿದ್ಯುತ್ ಪಾಠ ಮೀಟರ್ ಬೋರ್ಡಿನಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ನಾನು ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಲೈನ್‌ಮನ್. ಸರ್ಕಾರಿ ಕಾಗದದಲ್ಲಿ ನಮ್ಮ ಹುದ್ದೆಗೆ ‘ಮಾರ್ಗದಾಳು’ ಎಂಬ ಚೆಂದದ ಹೆಸರಿತ್ತು. ಊರಿನವರಿಗೆ ಮಾತ್ರ ನಾನು 1986ರಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಇವತ್ತಿನವರೆಗೂ ‘ಕೆಇಬಿಯವನು’, ಎಂದರೆ ಕರ್ನಾಟಕ ವಿದ್ಯುತ್ ಮಂಡಳಿಯವನು. ಆ ಮಂಡಳಿ 1999ರಲ್ಲಿಯೇ ಹೆಸರು ಬದಲಿಸಿಕೊಂಡಿತು, ನಾನು ಕಂಬ ಹತ್ತುವುದನ್ನು ಬಿಟ್ಟೂ ಮೂರು ವರ್ಷವಾಯಿತು, ಆದರೂ ಹೆಸರು ಬಿಟ್ಟಿಲ್ಲ. ಕಳೆದ ತಿಂಗಳು ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಈ ಪತ್ರ ಬರೆಯಬೇಕೆನ್ನಿಸಿತು. ಉದ್ದವಾದರೆ ಮನ್ನಿಸಿ, ಕತ್ತರಿ ಹೇಗೂ ನಿಮ್ಮ ಕೈಯಲ್ಲಿದೆ.

ನನ್ನ ಮೊಮ್ಮಗಳು ಹತ್ತನೇ ತರಗತಿ. ಬೆಳಗ್ಗೆ ಐದಕ್ಕೆ ಎದ್ದು ನಡುಮನೆಯಲ್ಲಿ ಓಡಾಡುತ್ತ ಗಟ್ಟಿಯಾಗಿ ಬಾಯಿಪಾಠ ಮಾಡುವುದು ಅವಳ ರೂಢಿ. ಅಂದು ಓಮ್‌ನ ನಿಯಮ ನಡೆದಿತ್ತು. ‘ತಾಪ ಸ್ಥಿರವಾಗಿದ್ದಾಗ ವಾಹಕದ ತುದಿಗಳ ನಡುವಿನ ವಿಭವಾಂತರವು ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೆ ನೇರ ಅನುಪಾತದಲ್ಲಿರುತ್ತದೆ’ ಎಂದು ಮಂತ್ರದಂತೆ ಒಪ್ಪಿಸಿದಳು. ಒಂದಕ್ಷರ ತಪ್ಪಲಿಲ್ಲ. ಅದೇ ಉಸಿರಿನಲ್ಲಿ ಸಮವಸ್ತ್ರ ಇಸ್ತ್ರಿ ಮಾಡಲು ಹೋಗಿ ‘ಅಯ್ಯೋ ತಾತ, ಈ ಪೆಟ್ಟಿಗೆ ಜುಮ್ಮೆನ್ನುತ್ತದೆ’ ಎಂದು ಕೈ ಕೊಡವಿದಳು. ‘ಎಷ್ಟು ದಿನದಿಂದ?’ ಎಂದೆ. ‘ಮೊದಲಿನಿಂದಲೂ. ಅದಕ್ಕೇ ಚಪ್ಪಲಿ ಹಾಕಿಕೊಂಡು ಮಾಡುತ್ತೇನೆ’ ಎಂದಳು. ಏಕೆ ಜುಮ್ಮೆನ್ನುತ್ತದೆ, ಚಪ್ಪಲಿ ಹಾಕಿದರೆ ಏಕೆ ನಿಲ್ಲುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಅದು ಪಾಠದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ ಎಂಬುದಷ್ಟೇ ಅವಳ ಉತ್ತರ.

ಟೆಸ್ಟರ್ ಹಿಡಿದು ನೋಡಿದೆ. ಪೆಟ್ಟಿಗೆಯ ಲೋಹದ ಮೈ ಮುಟ್ಟಿದರೆ ಟೆಸ್ಟರಿನ ದೀಪ ಮಿಣುಕುತ್ತಿತ್ತು. ಮೂರು ಪಿನ್ನಿನ ಪ್ಲಗ್ಗು ಸರಿಯಿತ್ತು, ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ ಹಸಿರು ವೈರೂ ಇತ್ತು. ಆ ವೈರಿನ ಜಾಡು ಹಿಡಿದು ಹಿತ್ತಿಲಿಗೆ ಹೋದೆ. ಅಲ್ಲಿ ನನ್ನ ಮರ್ಯಾದೆ ಹೋಯಿತು. ಎರಡು ವರ್ಷದ ಹಿಂದೆ ಹಿತ್ತಿಲಿಗೆ ಸಿಮೆಂಟು ಹಾಕಿಸಿದಾಗ ಮೇಸ್ತ್ರಿ ಅರ್ಥ್ ಗುಂಡಿಯನ್ನೂ ಸೇರಿಸಿ ಮುಚ್ಚಿದ್ದ, ಗುಂಡಿಗೆ ಬರುವ ತಂತಿ ಪಿಕಾಸಿಗೆ ಸಿಕ್ಕಿ ತುಂಡಾಗಿ ಗೋಡೆಯ ಮಗ್ಗುಲಲ್ಲಿ ಒಂದು ಗೇಣು ಮೇಲೆದ್ದು ನಿಂತಿತ್ತು. ಮುವ್ವತ್ತಾರು ವರ್ಷ ಊರೂರಿನ ಮನೆಗಳಲ್ಲಿ ‘ಅರ್ಥ್ ಸರಿ ಮಾಡಿಸಿ’ ಎಂದು ಬೈದು ಬಂದವನ ಮನೆಯಲ್ಲಿಯೇ ಎರಡು ವರ್ಷದಿಂದ ಅರ್ಥ್ ಇಲ್ಲ! ಮೇಸ್ತ್ರಿಯನ್ನು ಏನೆನ್ನಲಿ? ನೋಡದೆ ಕುಳಿತವನು ನಾನು.

ಈ ಕಥೆ ಊರಿನಲ್ಲಿ ಹಬ್ಬಲು ಎಷ್ಟು ಹೊತ್ತು ಬೇಕು? ನಮ್ಮ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ದಾರಿಯಲ್ಲಿ ಸಿಕ್ಕಾಗ ನಕ್ಕು, ‘ಅದನ್ನೇ ಬಂದು ನಮ್ಮ ಮಕ್ಕಳಿಗೂ ಹೇಳಿ’ ಎಂದರು. ನನ್ನ ಓದು ಎಸ್ಸೆಸ್ಸೆಲ್ಸಿ. ಆದರೂ ಹಳೆಯ ಚೀಲಕ್ಕೆ ಟೆಸ್ಟರ್, ಕಟಿಂಗ್ ಪ್ಲೇಯರ್, ಒಂದು ಪಿಂಗಾಣಿ ಫ್ಯೂಸು, ಒಂದು ಮೊಳ ಲೈನಿನ ತಂತಿ, ಅಟ್ಟದ ಮೇಲಿದ್ದ ಹಳೆಯ ಸೀರಿಯಲ್ ಸೆಟ್ಟು ತುಂಬಿಕೊಂಡು ಹೋದೆ. ಒಂದು ಗಂಟೆ ಎಂದು ಹೋದದ್ದು ಮೂರು ಮಧ್ಯಾಹ್ನ ನಡೆಯಿತು.

ಮೊದಲು ನಾನೇ ಒಂದು ಪ್ರಶ್ನೆ ಕೇಳಿದೆ. ಲೈನಿನ ಮೇಲೆ ಕುಳಿತ ಹಕ್ಕಿಗೆ ಶಾಕ್ ಏಕೆ ಹೊಡೆಯುವುದಿಲ್ಲ? ಹತ್ತಾರು ಕೈ ಮೇಲೆದ್ದವು. ಹಕ್ಕಿಯ ಕಾಲು ಒಣಗಿರುತ್ತದೆ, ಕಾಲಿನ ಚರ್ಮ ರಬ್ಬರಿನಂತಿರುತ್ತದೆ, ಹಕ್ಕಿಗೆ ರಕ್ತ ಕಡಿಮೆ. ಒಬ್ಬನಂತೂ ‘ಹಕ್ಕಿ ಕುಳಿತುಕೊಳ್ಳುವಾಗ ಕರೆಂಟು ಹೋಗಿರುತ್ತದೆ’ ಎಂದ. ನಮ್ಮ ಕಡೆಯ ಪರಿಸ್ಥಿತಿಗೆ ಅದೂ ಪೂರ್ತಿ ಸುಳ್ಳಲ್ಲ. ಅಷ್ಟೂ ಮಕ್ಕಳು ವಿಭವಾಂತರದ ವ್ಯಾಖ್ಯೆ ಬರೆದು ಅಂಕ ತೆಗೆದವರೇ. ಕಪ್ಪುಹಲಗೆಯ ಮೇಲೆ ‘ವಿಭವಾಂತರ’ ಎಂದು ಬರೆದು, ‘ಅಂತರ’ ಎಂಬುದರ ಕೆಳಗೆ ಗೆರೆ ಎಳೆದೆ. ಉತ್ತರ ಆ ಪದದ ಹೊಟ್ಟೆಯಲ್ಲಿಯೇ ಇದೆ. ಪ್ರವಾಹ ಹರಿಯಬೇಕಾದರೆ ಎರಡು ಜಾಗಗಳ ನಡುವೆ ಅಂತರವಿರಬೇಕು. ಹಕ್ಕಿಯ ಎರಡು ಕಾಲೂ ಒಂದೇ ತಂತಿಯ ಮೇಲೆ, ನಾಲ್ಕು ಬೆರಳ ದೂರದಲ್ಲಿವೆ. ತಂತಿ 11 ಸಾವಿರ ವೋಲ್ಟಿನಲ್ಲಿದ್ದರೆ ಬಲಗಾಲೂ ಅಲ್ಲಿಯೇ, ಎಡಗಾಲೂ ಅಲ್ಲಿಯೇ. ಅಂತರವಿಲ್ಲ, ಆದ್ದರಿಂದ ಹರಿವಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ‘ಹಾಗಾದರೆ ಬಾವಲಿ ಏಕೆ ಸತ್ತು ನೇತಾಡುತ್ತದೆ?’ ಎಂದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದವನು, ‘ಅದರ ರೆಕ್ಕೆ ದೊಡ್ಡದು, ಎರಡು ತಂತಿ ಮುಟ್ಟುತ್ತದೆ’ ಎಂದುಬಿಟ್ಟ. ತರಗತಿಯಲ್ಲಿ ಒಂದು ಕ್ಷಣ ಸದ್ದಿಲ್ಲ. ಅಂತರ ಎಂದರೇನು ಎಂಬುದು ಆ ಮಕ್ಕಳಿಗೆ ತಿಳಿದದ್ದು ಆಗ. ಪುಸ್ತಕದ ಕನ್ನಡ ಕಷ್ಟ, ವಿಭವಾಂತರ, ರೋಧ, ಆವೇಶ ಎಂಬುವೆಲ್ಲ ನಾಲಿಗೆ ಹೊರಳದ ಪದಗಳು ಎಂದು ಪೋಷಕರು ದೂರುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಪದ ಒಡೆದು ತೋರಿಸುವವರಿದ್ದರೆ ಅವು ‘ವೋಲ್ಟೇಜ್’ ಎಂಬುದಕ್ಕಿಂತ ಹೆಚ್ಚು ಹೇಳುತ್ತವೆ. ನಮ್ಮಲ್ಲಿ ವೋಲ್ಟು, ಆಂಪಿಯರು, ವ್ಯಾಟು ಮೂರಕ್ಕೂ ‘ಪವರ್’ ಎಂಬ ಒಂದೇ ಮಾತು. ‘ಪವರ್ ಕಡಿಮೆ ಬರುತ್ತಿದೆ’ ಎಂದು ಫೋನ್ ಬಂದರೆ ವೋಲ್ಟೇಜ್ ಇಳಿದಿದೆಯೋ, ಒಂದು ಫೇಸ್ ಹೋಗಿದೆಯೋ ಎಂದು ತಿಳಿಯಲು ನಾನು ಹತ್ತು ಪ್ರಶ್ನೆ ಕೇಳಬೇಕಿತ್ತು.

ಹಕ್ಕಿಯಿಂದ ಮನುಷ್ಯನಿಗೆ ಬಂದೆವು. ನಾವು ನಿಲ್ಲುವುದು ನೆಲದ ಮೇಲೆ. ಟಿಸಿಯ (ಊರಿನ ಟ್ರಾನ್ಸ್‌ಫಾರ್ಮರಿನ) ಬುಡದಲ್ಲಿ ನ್ಯೂಟ್ರಲ್ ತಂತಿಯನ್ನು, ಎಂದರೆ ಕರೆಂಟು ವಾಪಸು ಹೋಗುವ ತಂತಿಯನ್ನು, ಭೂಮಿಗೆ ಕೂಡಿಸಿರುತ್ತಾರೆ. ಹಾಗಾಗಿ ಕರೆಂಟು ತರುವ ಫೇಸ್ ತಂತಿಗೂ ನಮ್ಮ ಅಂಗಾಲಿಗೂ ನಡುವೆ 230 ವೋಲ್ಟಿನ ಅಂತರ ಸದಾ ಸಿದ್ಧವಾಗಿರುತ್ತದೆ. ಒಂದು ಬೆರಳು ಫೇಸ್ ಮುಟ್ಟಿದರೆ ಸಾಕು, ನಾವೇ ತಂತಿಯಾಗುತ್ತೇವೆ. ಚಪ್ಪಲಿ ಆ ದಾರಿಯನ್ನು ತಡೆಯುತ್ತದೆ ಅಷ್ಟೆ; ತೇವವಾದರೆ ಅದೂ ಇಲ್ಲ. ಅರ್ಥ್ ತಂತಿ ಇದ್ದರೆ ಪೆಟ್ಟಿಗೆಯ ಮೈಗೆ ಸೋರಿದ ಪ್ರವಾಹ ನಮ್ಮ ಮೈಗಿಂತ ಸುಲಭವಾದ ದಾರಿ ಹಿಡಿದು ಮಣ್ಣಿಗೆ ಇಳಿಯುತ್ತದೆ, ಸೋರಿಕೆ ಜೋರಾಗಿದ್ದರೆ ಫ್ಯೂಸು ಕರಗುತ್ತದೆ. ಮೂರು ಪಿನ್ನಿನಲ್ಲಿ ಅರ್ಥಿನ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದೂ ಅದಕ್ಕಾಗಿಯೇ. ಕಾವಲುಗಾರ ಮೊದಲು ಒಳಗೆ ಹೋಗಿ, ಕಡೆಗೆ ಹೊರಗೆ ಬರಬೇಕು. ಅದು ಉದ್ದವಿರುವುದನ್ನು ಆ ತರಗತಿಯ ನಲವತ್ತು ಮಕ್ಕಳಲ್ಲಿ ಮೂವರು ಮಾತ್ರ ಗಮನಿಸಿದ್ದರು. ಮೊಬೈಲ್ ಚಾರ್ಜರಿಗೆ ಎರಡೇ ಪಿನ್ನು ಏಕೆ ಎಂದು ಒಬ್ಬಳು ಕೇಳಿದಳು. ಮುಟ್ಟಲು ಲೋಹದ ಮೈಯೇ ಇಲ್ಲದ ಪ್ಲಾಸ್ಟಿಕ್ ಡಬ್ಬಿ ಅದು, ಒಳಗೆ ಎರಡು ಪದರದ ನಿರೋಧಕವಿರುತ್ತದೆ ಎಂದೆ.

ಇಲ್ಲಿ ಒಂದು ಹಳೆಯ ದಿನದ ಮಾತು. ಸುಮಾರು ಇಪ್ಪತ್ತು ವರ್ಷದ ಹಿಂದೆ, ಆಷಾಢದ ಜಡಿಮಳೆಯ ನಡುವೆ ಒಂದು ಹೊತ್ತು ಬಿಸಿಲು ಬಂದ ದಿನ. ಪಕ್ಕದ ಊರಿನ ಮನೆಯೊಂದರಲ್ಲಿ ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಕಟ್ಟಿದ್ದರು. ಅದರ ಒಂದು ತುದಿಯನ್ನು ಕಂಬದಿಂದ ಬರುವ ಸರ್ವಿಸ್ ವೈರಿಗೆ ಆಸರೆಯಾದ ಪೈಪಿಗೇ ಸುತ್ತಿದ್ದರು. ಗಾಳಿಗೆ ಉಜ್ಜಿ ಉಜ್ಜಿ ವೈರಿನ ಹೊದಿಕೆ ಸವೆದಿತ್ತು. ಆ ಮನೆಯ ಸೊಸೆ ಒದ್ದೆ ಸೀರೆ ಹರವಲು ಕೈ ಎತ್ತಿದವಳು ತಂತಿ ಹಿಡಿದಂತೆಯೇ ನಿಂತುಬಿಟ್ಟಳು. ಅತ್ತೆ ಓಡಿ ಹೋಗಿ ಸೊಂಟ ಹಿಡಿದು ಎಳೆದರು. ಅವರನ್ನು ಅದು ಪಕ್ಕಕ್ಕೆ ಒಗೆಯಿತು, ಆದ್ದರಿಂದ ಉಳಿದರು. ಸೊಸೆ ಉಳಿಯಲಿಲ್ಲ. ನಾನು ಸೈಕಲ್ಲು ತುಳಿದು ಹೋಗಿ ಕಂಬದಲ್ಲಿ ಫ್ಯೂಸು ಕಿತ್ತಾಗ ಆ ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆ ಮನೆಯ ಮೈದುನ ಅದೇ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದ. ಆ ತಂತಿ ಕಟ್ಟಿದವನು ಅವನೇ.

‘ಕರೆಂಟು ಎಳೆದುಕೊಂಡಿತು’ ಎಂದು ಊರೆಲ್ಲ ಮಾತಾಡಿಕೊಂಡಿತು. ಕರೆಂಟು ಯಾರನ್ನೂ ಎಳೆದುಕೊಳ್ಳುವುದಿಲ್ಲ. ಕೈಯ ಸ್ನಾಯುಗಳು ನಮ್ಮ ಮಾತು ಕೇಳುವುದು ನರಗಳಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ತಿನಿಂದ. ಹೊರಗಿನಿಂದ ಅದಕ್ಕಿಂತ ದೊಡ್ಡ ಪ್ರವಾಹ ಬಂದರೆ ಸ್ನಾಯು ಬಿಗಿದುಕೊಳ್ಳುತ್ತದೆ, ಬಿಡಬೇಕೆಂದರೂ ಮುಷ್ಟಿ ಬಿಚ್ಚುವುದಿಲ್ಲ. ಹತ್ತು ಮಿಲಿ ಆಂಪಿಯರಿನ ಆಸುಪಾಸಿನಲ್ಲಿ ಈ ಬಿಗಿತ ಶುರುವಾಗುತ್ತದೆ. ಮುವ್ವತ್ತು ದಾಟಿ ಎದೆಯ ಮೂಲಕ ಹಾದು, ಹೊತ್ತು ಮೀರಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬು ಉರಿಯಲು ಬೇಕಾದ ಪ್ರವಾಹ ಸುಮಾರು ನಲವತ್ತು ಮಿಲಿ ಆಂಪಿಯರ್. ಮಕ್ಕಳಿಗೆ ಇದನ್ನೇ ಲೆಕ್ಕ ಹಾಕಿಸಿದೆ. ಒದ್ದೆ ಮೈಯ ರೋಧ (ಪ್ರವಾಹಕ್ಕೆ ಒಡ್ಡುವ ತಡೆ) ಸಾವಿರ ಓಮ್ ಎಂದು ಹಿಡಿಯಿರಿ, 230ನ್ನು ಸಾವಿರದಿಂದ ಭಾಗಿಸಿ. ‘230 ಮಿಲಿ ಆಂಪಿಯರ್’ ಎಂದು ಒಬ್ಬಳು ಬರೆದು, ಬರೆದದ್ದನ್ನೇ ನೋಡುತ್ತ ಕುಳಿತಳು. ಬಾಯಿಪಾಠದ ಓಮ್‌ನ ನಿಯಮ ಅವಳಿಗೆ ಇನ್ನು ಮರೆಯಲಾರದು.

ಇಂಥ ಹೊತ್ತಿನಲ್ಲಿ ಮುಟ್ಟಬಾರದು. ಮೊದಲು ಮೇನ್ ಸ್ವಿಚ್ ಆರಿಸಬೇಕು, ಅದು ಆಗದಿದ್ದರೆ ಒಣಗಿದ ಕೋಲಿನಿಂದ ದೂಡಬೇಕು. ಅದೂ ಮನೆಯ 230 ವೋಲ್ಟಿಗೆ ಮಾತ್ರ. ದೊಡ್ಡ ಲೈನು ಹರಿದು ನೆಲಕ್ಕೆ ಬಿದ್ದಿದ್ದರೆ ಹತ್ತು ಮೀಟರ್ ಒಳಗೆ ಯಾರೂ ಸುಳಿಯಬಾರದು, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಬೇಕು. ತಂತಿ ಬಿದ್ದ ಜಾಗದಿಂದ ದೂರ ಹೋದಂತೆ ನೆಲದ ವೋಲ್ಟೇಜ್ ಇಳಿಯುತ್ತ ಹೋಗುತ್ತದೆ. ಹೆಜ್ಜೆ ಅಗಲಿಸಿದರೆ ಎರಡು ಪಾದಗಳ ನಡುವೆಯೇ ಅಂತರ ಹುಟ್ಟುತ್ತದೆ. ನಾಲ್ಕು ಕಾಲು ಅಗಲಿಸಿ ನಿಲ್ಲುವ ಎಮ್ಮೆ ಹಸುಗಳು ಮನುಷ್ಯರಿಗಿಂತ ಮೊದಲು ಬೀಳುವುದಕ್ಕೆ ಇದೇ ಕಾರಣ. ಮತ್ತೆ ಅದೇ ಪದ: ಅಂತರ.

ಎರಡನೆಯ ಮಧ್ಯಾಹ್ನ ಶಾಲೆಯ ಮೀಟರಿನ ಮುಂದೆ ನಿಲ್ಲಿಸಿದೆ. ಇದು ಎಲ್ಲ ಶಾಲೆಗಳಲ್ಲಿಯೂ ಆಗಬೇಕೆಂಬುದೇ ನನ್ನ ಈ ಪತ್ರದ ಅಸಲು ಮಾತು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಟುಕುತ್ತಿರುತ್ತದೆ, ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಶಾಲೆಯ ಮೀಟರಿನಲ್ಲಿದ್ದುದು 3200. ನಿಮ್ಮ ಮನೆಯದರಲ್ಲಿ ಬೇರೆ ಇರಬಹುದು. ಅರ್ಥವಿಷ್ಟೆ: 3200 ಸಲ ಮಿಟುಕಿದರೆ ಒಂದು ಯೂನಿಟ್. ಒಂದು ಯೂನಿಟ್ ಎಂದರೆ ಸಾವಿರ ವ್ಯಾಟಿನ ಸಾಧನ ಒಂದು ಗಂಟೆ ಓಡುವುದು. ಶಾಲೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ನಮ್ಮ ಮನೆಯಿಂದ ತಂದಿದ್ದ (ಅರ್ಥ್ ಸರಿಪಡಿಸಿ ದುರಸ್ತಿ ಮಾಡಿಸಿದ) ಇಸ್ತ್ರಿ ಪೆಟ್ಟಿಗೆಯನ್ನು ಹಾಕಿದೆ. ಅದು ಸಾವಿರ ವ್ಯಾಟಿನದು. 3200ನ್ನು 60ರಿಂದ ಭಾಗಿಸಿದರೆ ನಿಮಿಷಕ್ಕೆ 53 ಬರಬೇಕು. ಒಬ್ಬ ಗಡಿಯಾರ ಹಿಡಿದ, ಉಳಿದವರೆಲ್ಲ ಒಟ್ಟಾಗಿ ಎಣಿಸಿದರು. ಐವತ್ತೊಂದೇ ಬಂತು!

ಮೀಟರು ಕೆಟ್ಟಿದೆ ಎಂದಿತು ಒಂದು ಗುಂಪು. ಎಣಿಕೆ ತಪ್ಪಿದೆ ಎಂದಿತು ಇನ್ನೊಂದು. ಮತ್ತೆ ಎಣಿಸಿದರು, ಮತ್ತೆ ಐವತ್ತೊಂದು. ಮಲ್ಟಿಮೀಟರ್ ಹಚ್ಚಿ ನೋಡಿದರೆ ಸಾಕೆಟ್ಟಿನಲ್ಲಿ 225 ವೋಲ್ಟ್ ಇತ್ತು. ಪೆಟ್ಟಿಗೆಯ ಮೇಲೆ ಬರೆದ ಸಾವಿರ ವ್ಯಾಟು 230 ವೋಲ್ಟಿಗೆ. ವೋಲ್ಟೇಜ್ ಇಳಿದರೆ ಪ್ರವಾಹವೂ ಇಳಿಯುತ್ತದೆ, ವ್ಯಾಟು ಅವೆರಡರ ಗುಣಲಬ್ಧವಾದ್ದರಿಂದ ಎರಡು ಸಲ ಇಳಿಯುತ್ತದೆ. ಲೆಕ್ಕ ಮಾಡಿದರೆ ಸರಿಯಾಗಿ ಐವತ್ತೊಂದರ ಹತ್ತಿರ ಬಂತು. ವಿಜ್ಞಾನದ ಮೇಡಂ ನನಗಿಂತ ಹೆಚ್ಚು ಸಂಭ್ರಮಪಟ್ಟರು. ಆಮೇಲೆ ಫ್ಯಾನು ಹಾಕಿದೆವು: 75 ವ್ಯಾಟು, ನಿಮಿಷಕ್ಕೆ ನಾಲ್ಕು. ಒಂಬತ್ತು ವ್ಯಾಟಿನ ಬಲ್ಬಿಗೆ ಎರಡು ನಿಮಿಷ ಕಾದರೆ ಒಂದು ಸಲ ಮಿಟುಕಿತು. ಎರಡು ಸಾವಿರ ವ್ಯಾಟಿನ ಗೀಸರಿದ್ದರೆ ಎಷ್ಟು ಎಂದು ಕೇಳಿದರೆ ಎಲ್ಲರೂ ಬಾಯಲ್ಲಿಯೇ ಹೇಳಿದರು. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂಬ ಮಾತು ಎಲ್ಲರ ಮನೆಯಲ್ಲಿಯೂ ನಡೆಯುತ್ತದೆ. ಅದು ದಿನಕ್ಕೆ ಆರೂಮುಕ್ಕಾಲು ಯೂನಿಟ್ ಕೂಡ ಅಲ್ಲ ಎಂದು ಮೊದಲ ಬಾರಿಗೆ ಭಾಗಿಸಿ ನೋಡಿದವರು ಆ ಮಕ್ಕಳು. ಈ ಪಾಠಕ್ಕೆ ಒಂದು ರೂಪಾಯಿಯ ಪ್ರಯೋಗಾಲಯ ಬೇಕಾಗಲಿಲ್ಲ. ಬೋರ್ಡಿನ ಯಾವ ಭಾಗವನ್ನೂ ಮಕ್ಕಳು ಮುಟ್ಟಲಿಲ್ಲ. ದೂರ ನಿಂತು ಎಣಿಸಿದರು, ಅಷ್ಟೆ.

ಸೀರಿಯಲ್ ಸೆಟ್ಟಿನ ಕಥೆ ಚಿಕ್ಕದು. ಗಣಪತಿ ಪೆಂಡಾಲಿಗೆ ಹಾಕುತ್ತಿದ್ದ ಹಳೆಯ ಮಾಲೆ, ಆರು ವೋಲ್ಟಿನ ಸುಮಾರು ನಲವತ್ತು ಬಲ್ಬು. ಒಂದು ಬಲ್ಬು ಸತ್ತರೆ ಮಾಲೆಯೆಲ್ಲ ಕತ್ತಲೆ. ‘ಸರಣಿ ಕ್ರಮ’ ಎಂದು ಪುಸ್ತಕ ಹೇಳುವುದನ್ನು ನಾವು ‘ಸೀರಿಯಲ್’ ಎಂದು ಹೆಸರಿನಲ್ಲಿಯೇ ಇಟ್ಟುಕೊಂಡಿದ್ದೇವೆ ಎಂದು ತಿಳಿದು ಮಕ್ಕಳು ನಕ್ಕರು. ಬಚ್ಚಲಿನ ಬಲ್ಬು ಹೋದರೆ ದೇವರಮನೆಯ ದೀಪ ಏಕೆ ಆರುವುದಿಲ್ಲ ಎಂಬುದು ಸಮಾಂತರ ಕ್ರಮ. ಅಲ್ಲಿಗೆ ಮುಗಿಯಿತು.

ಲೈನಿನ ತಂತಿಯ ತುಂಡಿನದು ಇನ್ನೂ ಸೊಗಸು. ನಮ್ಮ ವೃತ್ತಿಯಲ್ಲಿ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರು: ಸ್ಕ್ವಿರಲ್, ವೀಸೆಲ್, ರ‍್ಯಾಬಿಟ್. ಅಳಿಲಿಗಿಂತ ಮೊಲ ದಪ್ಪ, ದಪ್ಪವಾದಷ್ಟೂ ರೋಧ ಕಡಿಮೆ. ನಾನು ಒಯ್ದದ್ದು ವೀಸೆಲ್, ಕಿಲೋಮೀಟರಿಗೆ ಒಂದು ಓಮಿಗಿಂತ ತುಸು ಕಡಿಮೆ ರೋಧ. ಊರ ಕೊನೆಯ ಮನೆ ಟಿಸಿಯಿಂದ ಒಂದು ಕಿಲೋಮೀಟರ್ ದೂರವಿದ್ದರೆ, ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ ಸುಮಾರು ಎರಡು ಓಮ್. ಸಂಜೆ ಆ ತಂತಿಯಲ್ಲಿ ಇಪ್ಪತ್ತು ಆಂಪಿಯರ್ ಹರಿದರೆ ಎರಡಿಪ್ಪತ್ತಲೆ ನಲವತ್ತು ವೋಲ್ಟು ದಾರಿಯಲ್ಲಿಯೇ ಕರಗಿ ಹೋಗುತ್ತದೆ. ಟಿಸಿಯಲ್ಲಿ 230 ಇದ್ದದ್ದು ಕೊನೆಯ ಮನೆಗೆ 190. ಕೊನೆಯ ಬೀದಿಯಿಂದ ಬರುವ ಹುಡುಗಿ, ‘ಏಳು ಗಂಟೆಗೆ ನಮ್ಮ ಮನೆಯ ಫ್ಯಾನು ನಿಧಾನವಾಗುತ್ತದೆ, ಹನ್ನೊಂದಕ್ಕೆ ಸರಿಯಾಗುತ್ತದೆ’ ಎಂದಳು. ಅದೇ ಓಮ್‌ನ ನಿಯಮ, ಅವಳು ದಿನವೂ ಅದರ ಕೆಳಗೆ ಕುಳಿತು ಓದುತ್ತಿದ್ದಾಳೆ.

ದೂರಕ್ಕೆ ಕಳಿಸಲು ವೋಲ್ಟೇಜ್ ಏರಿಸುವುದೂ ಇದಕ್ಕೇ. ನೂರು ಕಿಲೋವ್ಯಾಟನ್ನು 230 ವೋಲ್ಟಿನಲ್ಲಿ ಕಳಿಸಬೇಕಾದರೆ 435 ಆಂಪಿಯರ್ ಹರಿಯಬೇಕು. 11 ಸಾವಿರದಲ್ಲಿ ಒಂಬತ್ತೇ ಸಾಕು. ತಂತಿ ಬಿಸಿಯಾಗಿ ಆಗುವ ನಷ್ಟ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ತಂತಿಯಲ್ಲಿ ಅದು ಎರಡು ಸಾವಿರ ಪಟ್ಟಿಗೂ ಹೆಚ್ಚು ಇಳಿಯುತ್ತದೆ. ಇದನ್ನು ನಂಬಿಯೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನು ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ನಮ್ಮ ರಾಜ್ಯದ ಮಕ್ಕಳಿಗೆ ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿಂದ ತರಬೇಕು?

ಇನ್ನು ಒಂದು ಪ್ರಶ್ನೆಯ ವಿಷಯ. ಎರಡನೆಯ ದಿನ ಮುಗಿಯುವ ಹೊತ್ತಿಗೆ, ಅಷ್ಟು ಹೊತ್ತು ಬಾಯಿ ಬಿಡದಿದ್ದ ಒಂಬತ್ತನೇ ತರಗತಿಯ ಹುಡುಗಿ ಎದ್ದು ನಿಂತಳು. ‘ಸರ್, ಬಲ್ಬಿನೊಳಗೆ ಎಷ್ಟು ಕರೆಂಟು ಹೋಗುತ್ತದೋ ಅಷ್ಟೇ ಹೊರಗೆ ಬರುತ್ತದೆ ಎಂದಿರಿ. ಹಾಗಿದ್ದರೆ ಖರ್ಚಾಗುವುದು ಏನು? ಬಿಲ್ಲು ಕಟ್ಟುವುದು ಯಾವುದಕ್ಕೆ?’

ಮುವ್ವತ್ತಾರು ವರ್ಷದಲ್ಲಿ ಗ್ರಾಹಕರು ಬಿಲ್ಲಿನ ಬಗ್ಗೆ ನನ್ನನ್ನು ಕೇಳದ ಪ್ರಶ್ನೆಯಿಲ್ಲ. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ. ‘ನಾಳೆ ಹೇಳುತ್ತೇನೆ’ ಎಂದು ಮನೆಗೆ ಬಂದೆ. ರಾತ್ರಿ ಊಟ ಮಾಡುವಾಗ ಹೊಳೆದದ್ದು ಶರಾವತಿ. ಮೇಲಿನ ಪವರ್‌ಹೌಸಿಗೆ ಪೈಪಿನಲ್ಲಿ ಇಳಿದ ನೀರು ಚಕ್ರ ತಿರುಗಿಸಿ ಹೊರಬರುತ್ತದೆ. ಒಂದು ಹನಿಯೂ ಖರ್ಚಾಗಿರುವುದಿಲ್ಲ, ಅದೇ ನೀರು ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ ದುಡಿಯುತ್ತದೆ. ಖರ್ಚಾದದ್ದು ಎತ್ತರ. ಹಾಗೆಯೇ ಬಲ್ಬಿನಲ್ಲಿ ಖರ್ಚಾಗುವುದು ಪ್ರವಾಹವಲ್ಲ, ಅದು ಇಳಿದು ಬರುವ ಅಂತರದಲ್ಲಿದ್ದ ಶಕ್ತಿ. ನಾವು ದುಡ್ಡು ಕೊಡುವುದು ಆ ಇಳಿತಕ್ಕೆ. ಮರುದಿನ ಹೀಗೆಂದಾಗ ಆ ಹುಡುಗಿ ತಲೆಯಾಡಿಸಿದಳು, ಆದರೆ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ನೀರಿನ ಪೈಪು ಒಡೆದರೆ ನೀರು ಸೋರುತ್ತದೆ, ಸ್ವಿಚ್ ಬೋರ್ಡಿನ ತೂತಿನಿಂದ ಕರೆಂಟು ಏಕೆ ಸೋರುವುದಿಲ್ಲ ಎಂದಳು. ನಿಜ, ನೀರಿನ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಗಾಳಿ ಕರೆಂಟಿಗೆ ಗೋಡೆಯಿದ್ದಂತೆ. ಪೈಪಿನ ಹೊರಗೆ ಖಾಲಿ ಜಾಗವಿದೆ, ತಂತಿಯ ಹೊರಗೆ ಬಂಡೆಯಿದೆ ಎಂದುಕೊಳ್ಳಬೇಕು.

ಹೋದಷ್ಟೇ ವಾಪಸು ಬರುತ್ತದೆ ಎಂಬ ಅವಳ ಮಾತನ್ನೇ ಹಿಡಿದು ಇನ್ನೊಂದು ವಸ್ತು ತೋರಿಸಿದೆ. ಆರ್‌ಸಿಸಿಬಿ ಎಂಬ ಪುಟ್ಟ ಸ್ವಿಚ್ಚು ಮಾಡುವುದು ಬ್ಯಾಂಕಿನ ಕ್ಯಾಷಿಯರನ ಕೆಲಸ. ಫೇಸಿನಲ್ಲಿ ಹೋದದ್ದಕ್ಕೂ ನ್ಯೂಟ್ರಲಿನಲ್ಲಿ ಬಂದದ್ದಕ್ಕೂ ತಾಳೆ ನೋಡುತ್ತದೆ. ಮುವ್ವತ್ತು ಮಿಲಿ ಆಂಪಿಯರಿನಷ್ಟು ಕೊರತೆ ಕಂಡರೆ, ಅದು ಯಾರದೋ ಮೈಯ ಮೂಲಕ ನೆಲಕ್ಕೆ ಹೋಗುತ್ತಿರಬಹುದೆಂದು ಕಣ್ಣು ಮಿಟುಕಿಸುವುದರೊಳಗೆ ಬಾಗಿಲು ಹಾಕುತ್ತದೆ. ಎಂಸಿಬಿ (ಪ್ರವಾಹ ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು) ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎನ್ನುವವರು ಬಹಳ. ಹದಿನಾರು ಆಂಪಿಯರಿನ ಎಂಸಿಬಿಯಾಗಲಿ ಫ್ಯೂಸಾಗಲಿ ಕಾಯುವುದು ವೈರನ್ನು. ಮನುಷ್ಯ ಸಾಯಲು ಬೇಕಾದಷ್ಟು ಪ್ರವಾಹ ಅದರ ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಪದೇ ಪದೇ ಹೋಗುತ್ತದೆಂದು ಫ್ಯೂಸಿಗೆ ನಾಲ್ಕು ಎಳೆ ತಾಮ್ರದ ತಂತಿ ಸುತ್ತುವವರು ವೈರಿಗೂ ಕಾವಲು ಇಲ್ಲದಂತೆ ಮಾಡಿಕೊಳ್ಳುತ್ತಾರೆ.

ಸಂಪಾದಕರೇ, ಶಿಕ್ಷಕರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಮನೆಯ ವೈರಿಂಗು, ಫ್ಯೂಸು, ಅರ್ಥ್ ಎಲ್ಲವೂ ಹತ್ತನೇ ತರಗತಿಯ ಪುಸ್ತಕದಲ್ಲಿವೆ. ಆದರೆ ಕಾಂತೀಯ ಪರಿಣಾಮಗಳ ಪಾಠದ ಬಾಲದಲ್ಲಿವೆ, ಅಲ್ಲಿಗೆ ತಲುಪುವಷ್ಟರಲ್ಲಿ ಪುನರಾವರ್ತನೆಯ ಗಡಿಬಿಡಿ. ಅದನ್ನು ತಲೆಗೆ ತರಬೇಕು. ವಿದ್ಯುತ್ ಪಾಠದ ಮೊದಲ ಪಿರಿಯಡ್ ಶಾಲೆಯ ಮೀಟರ್ ಬೋರ್ಡಿನ ಮುಂದೆ ನಡೆಯಲಿ. ತಂತಿ ಜೋಡಿಸುವ ಪ್ರಯೋಗಗಳಿಗೆ ಟಾರ್ಚಿನ ಸೆಲ್ಲೇ ಸಾಕು. ಗೋಡೆಯ ಸಾಕೆಟ್ಟಿಗೆ ಯಾವ ಮಗುವೂ ಕೈ ಹಾಕಬೇಕಿಲ್ಲ. ಪ್ರತಿ ಊರಿನಲ್ಲಿಯೂ ನನ್ನಂಥ ನಿವೃತ್ತ ಲೈನ್‌ಮನ್ ಒಬ್ಬ ಇರುತ್ತಾನೆ, ಕರೆದರೆ ಬರುತ್ತಾನೆ. ಒಂದು ಲೋಟ ಕಾಫಿ ಕೊಟ್ಟರೆ ಸಾಕು.

ಮೂರನೆಯ ದಿನ ಶಾಲೆಯ ಅರ್ಥ್ ಗುಂಡಿ ತೋರಿಸಿ ಎಂದೆ. ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಬಿಸಿಯೂಟದ ಅಡುಗೆಮನೆಯ ಹಿಂದೆ ತೆಂಗಿನ ಮಟ್ಟೆಗಳ ರಾಶಿಯ ಕೆಳಗೆ ಸಿಕ್ಕಿತು. ಪೈಪಿನ ತಲೆಯ ಬೋಲ್ಟು ತುಕ್ಕು ಹಿಡಿದು ತಂತಿ ಕಳಚಿಕೊಂಡಿತ್ತು. ಹೊಸ ತಂತಿ ಕಟ್ಟಿ, ಇದ್ದಿಲು ಉಪ್ಪು ತುಂಬಿ ಕೊಟ್ಟೆ. ಒಣ ಮಣ್ಣಿಗೆ ರೋಧ ಹೆಚ್ಚು, ಬೇಸಿಗೆಯಲ್ಲಿ ನೀರು ಹಾಕದಿದ್ದರೆ ಗುಂಡಿ ಇದ್ದೂ ಇಲ್ಲದಂತೆ ಎಂದು ಹೇಳಿದ್ದೆ. ಎಂಟನೇ ತರಗತಿಯವರು ಈಗ ಪ್ರತಿ ಶನಿವಾರ ಸರದಿಯ ಮೇಲೆ ಒಂದೊಂದು ಬಿಂದಿಗೆ ನೀರು ಹಾಕುತ್ತಾರೆ.

ನಮ್ಮ ಹಿತ್ತಿಲಿನ ಸಿಮೆಂಟನ್ನೂ ಎರಡಡಿ ಚೌಕ ಒಡೆಸಿ ಮುಚ್ಚಳ ಮಾಡಿಸಿದ್ದೇನೆ. ಮೊಮ್ಮಗಳು ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಇಲ್ಲಿ ಅರ್ಥ್ ಇದೆ, ಸಿಮೆಂಟ್ ಹಾಕಬೇಡಿ’ ಎಂದು ಬರೆದಿದ್ದಾಳೆ. ಅಷ್ಟು ಜಾಗ ಒಡೆದದ್ದಾಯಿತಲ್ಲ, ಪಕ್ಕದಲ್ಲಿಯೇ ಒಂದು ತುಳಸಿ ನೆಡೋಣ ಎಂದು ನನ್ನಾಕೆಯ ಬೇಡಿಕೆ. ತುಳಸಿಗೆ ದಿನವೂ ನೀರು ಬಿದ್ದೇ ಬೀಳುತ್ತದೆ, ನೀವು ಮರೆತರೂ ಗುಂಡಿ ಒಣಗುವುದಿಲ್ಲ ಎಂಬುದು ಅವಳ ವಾದ. ಒಪ್ಪಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮಾರ್ಗದಾಳು,
ತಿಪಟೂರು ತಾಲ್ಲೂಕು